ಕೈಗಾರಿಕಾ ಡ್ಯಾಂಪರ್

ಕೈಗಾರಿಕಾ ಡ್ಯಾಂಪರ್ ಎಂಬುದು ಬಾಯ್ಲರ್, ಕುಲುಮೆ, ಅನಿಲ ಟರ್ಬೈನ್, ಸಿಮೆಂಟ್ ಗೂಡು ಮುಂತಾದವುಗಳಿಂದ ಹೊರಬರುವ ಅನಿಲದ ಹರಿವನ್ನು ನಾಳಗಳೊಳಗೆ ನಿಯಂತ್ರಿಸುವ, ಬೇರೆಡೆಗೆ ತಿರುಗಿಸುವ ಅಥವಾ ತಡೆಯುವ ಯಾಂತ್ರಿಕ ಸಾಧನವಾಗಿದೆ. ಕವಾಟವೂ ಇದೇ ಕೆಲಸವನ್ನು ಮಾಡುತ್ತದೆಯಾದರೂ ಅದನ್ನು ಸಾಮಾನ್ಯವಾಗಿ ಹೆಚ್ಚು ಒತ್ತಡದ, ಕಡಿಮೆ ವ್ಯಾಸದ ಕೊಳವೆಗಳಲ್ಲಿ ಬಳಸುತ್ತಾರೆ. ಡ್ಯಾಂಪರ್‌ಗಳು ಕೆಲವೇ ಕಿಲೋಪ್ಯಾಸ್ಕಲ್ ಒತ್ತಡದ, ಹಲವು ಮೀಟರ್ ಅಗಲದ ನಾಳಗಳಿಗೆ ಸೇರಿದವು. ಮುಚ್ಚಿದ ಡ್ಯಾಂಪರ್ ಅನಿಲವನ್ನು ಪೂರ್ಣವಾಗಿ ತಡೆದಿದೆ ಎಂದು ಹೇಳಲಾಗದು. ಆದ್ದರಿಂದ ಹರಿವನ್ನು ಹೊಂದಿಸುವ ಡ್ಯಾಂಪರ್ ಮತ್ತು ನಾಳವನ್ನು ಪ್ರತ್ಯೇಕಿಸುವ ಡ್ಯಾಂಪರ್ ಎಂಬ ಭೇದವು ವಿನ್ಯಾಸದಲ್ಲಿಯೂ ಕಾರ್ಮಿಕರ ಸುರಕ್ಷತೆಯಲ್ಲಿಯೂ ಮುಖ್ಯವಾಗಿದೆ.

ಇತಿಹಾಸ

ಉಗಿ ಎಂಜಿನ್‌ಗಳ ಆರಂಭದ ದಿನಗಳಲ್ಲಿ ಚಿಮಣಿಯ ದಾರಿಯಲ್ಲಿದ್ದ ತಗಡನ್ನು ಕೈಯಿಂದ ಸರಿಸಿ ಕುಲುಮೆಯ ಗಾಳಿಸೆಳೆತವನ್ನು ಹೊಂದಿಸಲಾಗುತ್ತಿತ್ತು. ಇಂಗ್ಲೆಂಡಿನ ಲೀಡ್ಸ್ ನಗರದ ಎಂಜಿನಿಯರ್ ಮ್ಯಾಥ್ಯೂ ಮರ್ರೆ, ಬಾಯ್ಲರಿನ ಒತ್ತಡಕ್ಕೆ ತಕ್ಕಂತೆ ತಾನಾಗಿಯೇ ಚಲಿಸುವ ಡ್ಯಾಂಪರಿಗೆ 1799ರಲ್ಲಿ ಪೇಟೆಂಟ್ ಪಡೆದನು. ಮುಂದೆ ವಿದ್ಯುತ್ ಸ್ಥಾವರಗಳು ಬೆಳೆದು, ಚಿಮಣಿಯ ಸಹಜ ಸೆಳೆತದ ಬದಲು ಫ್ಯಾನ್‌ಗಳು ಬಂದಂತೆ ಡ್ಯಾಂಪರ್‌ಗಳ ಗಾತ್ರವೂ ವೈವಿಧ್ಯವೂ ಹೆಚ್ಚಿದವು.

ವಿಧಗಳು

ಬಟರ್‌ಫ್ಲೈ ಡ್ಯಾಂಪರ್: ನಡುವಿನ ಶಾಫ್ಟಿನ ಮೇಲೆ ತಿರುಗುವ ಒಂದೇ ಅಲಗನ್ನು ಹೊಂದಿರುತ್ತದೆ. ರಚನೆ ಸರಳ, ಮಧ್ಯಮ ಗಾತ್ರದ ವೃತ್ತಾಕಾರದ ನಾಳಗಳಲ್ಲಿ ಇದರ ಬಳಕೆ ಹೆಚ್ಚು.

ಲೂವರ್ ಡ್ಯಾಂಪರ್: ಒಂದೇ ಚೌಕಟ್ಟಿನಲ್ಲಿ ಹಲವು ಅಲಗುಗಳಿರುತ್ತವೆ. ಎಲ್ಲ ಅಲಗುಗಳೂ ಒಂದೇ ದಿಕ್ಕಿನಲ್ಲಿ ತಿರುಗುವುದು ಸಮಾಂತರ ವಿನ್ಯಾಸ. ಅರೆತೆರೆದ ಸ್ಥಿತಿಯಲ್ಲಿ ಇದು ಅನಿಲವನ್ನು ನಾಳದ ಒಂದು ಪಕ್ಕಕ್ಕೆ ತಳ್ಳುತ್ತದೆ. ಪಕ್ಕಪಕ್ಕದ ಅಲಗುಗಳು ವಿರುದ್ಧ ದಿಕ್ಕಿನಲ್ಲಿ ತಿರುಗುವ ವಿನ್ಯಾಸದಲ್ಲಿ ಹರಿವು ಹೆಚ್ಚು ಸಮನಾಗಿ ಹಂಚಿಕೆಯಾಗುವುದರಿಂದ ನಿಯಂತ್ರಣಕ್ಕೆ ಅದನ್ನೇ ಹೆಚ್ಚಾಗಿ ಆಯ್ದುಕೊಳ್ಳುತ್ತಾರೆ.

ಗಿಲೋಟಿನ್ ಡ್ಯಾಂಪರ್: ಒಂದೇ ತಗಡು ನಾಳಕ್ಕೆ ಅಡ್ಡವಾಗಿ ಜಾರಿ ಇಳಿಯುತ್ತದೆ, ತೆರೆದಾಗ ಪೂರ್ಣವಾಗಿ ನಾಳದ ಹೊರಗಿರುತ್ತದೆ. ಇದು ಹರಿವನ್ನು ಹೊಂದಿಸಲು ಅಲ್ಲ, ಪ್ರತ್ಯೇಕಿಸಲು ಇರುವ ಸಾಧನ. ನಾಳದ ಹೊರಗೆ ತಗಡಿನಷ್ಟೇ ಜಾಗ ಬೇಕಾಗುವುದು ಇದರ ಮಿತಿ.

ಡೈವರ್ಟರ್ ಡ್ಯಾಂಪರ್: ಅನಿಲವನ್ನು ಎರಡು ದಾರಿಗಳಲ್ಲಿ ಒಂದಕ್ಕೆ ಕಳುಹಿಸುತ್ತದೆ. ಸಂಯುಕ್ತ ಆವರ್ತನದ ವಿದ್ಯುತ್ ಸ್ಥಾವರಗಳಲ್ಲಿ ಅನಿಲ ಟರ್ಬೈನಿನಿಂದ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊರಬರುವ ಅನಿಲವನ್ನು ಉಗಿ ತಯಾರಿಸುವ ಬಾಯ್ಲರಿಗೆ ಅಥವಾ ನೇರವಾಗಿ ಬೈಪಾಸ್ ಚಿಮಣಿಗೆ ತಿರುಗಿಸಲು ಇದನ್ನು ಅಳವಡಿಸುತ್ತಾರೆ.

ಪಾಪೆಟ್ ಡ್ಯಾಂಪರ್: ತಟ್ಟೆಯೊಂದು ಉಂಗುರಾಕಾರದ ಪೀಠದ ಮೇಲೆ ಒತ್ತಿ ಕುಳಿತುಕೊಳ್ಳುತ್ತದೆ. ಧೂಳು ಸೋಸುವ ಬ್ಯಾಗ್ ಫಿಲ್ಟರಿನ ಕೋಣೆಗಳನ್ನು ಒಂದೊಂದಾಗಿ ಮುಚ್ಚಿ ತೆರೆಯಲು ಇದು ಬಳಕೆಯಲ್ಲಿದೆ.

ಗಾಗಲ್ ಕವಾಟ: ಒಂದು ಭಾಗದಲ್ಲಿ ರಂಧ್ರವೂ ಇನ್ನೊಂದು ಭಾಗದಲ್ಲಿ ಗಟ್ಟಿ ತಗಡೂ ಇರುವ ಫಲಕವನ್ನು ಎರಡು ಫ್ಲ್ಯಾಂಜ್‌ಗಳ ನಡುವೆ ಸರಿಸಿ ಬಿಗಿಯಲಾಗುತ್ತದೆ. ಉಕ್ಕಿನ ಕಾರ್ಖಾನೆಗಳ ಊದುಕುಲುಮೆಯ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡಿನ ಪ್ರಮಾಣ ಸಾಮಾನ್ಯವಾಗಿ ಶೇ. 20ಕ್ಕೂ ಹೆಚ್ಚಿರುವುದರಿಂದ ಅಲ್ಲಿ ಇಂತಹ ಕವಾಟಗಳನ್ನು ಬಳಸುತ್ತಾರೆ.

ಹರಿವಿನ ನಿಯಂತ್ರಣ

ಡ್ಯಾಂಪರ್ ನಾಳದ ಅಡೆತಡೆಯನ್ನು ಹೆಚ್ಚಿಸುವ ಮೂಲಕ ಹರಿವನ್ನು ತಗ್ಗಿಸುತ್ತದೆ. ಪೂರ್ಣ ತೆರೆದಾಗ ಅದರಲ್ಲಾಗುವ ಒತ್ತಡದ ನಷ್ಟವು ಇಡೀ ವ್ಯವಸ್ಥೆಯ ನಷ್ಟದಲ್ಲಿ ಅತ್ಯಲ್ಪ ಪಾಲಾಗಿದ್ದರೆ, ಅಲಗನ್ನು ಮುಚ್ಚತೊಡಗಿದರೂ ಹರಿವು ಬಹುಕಾಲ ಅಷ್ಟಾಗಿ ಇಳಿಯದೆ ಕೊನೆಯ ಹಂತದಲ್ಲಿ ಒಮ್ಮೆಲೇ ಕುಸಿಯುತ್ತದೆ. ಆದ್ದರಿಂದ ಅಗತ್ಯಕ್ಕಿಂತ ದೊಡ್ಡದಾದ ಡ್ಯಾಂಪರಿನಿಂದ ಸೂಕ್ಷ್ಮ ನಿಯಂತ್ರಣ ಸಾಧ್ಯವಾಗುವುದಿಲ್ಲ.

ಈ ವಿಧಾನದಲ್ಲಿ ಫ್ಯಾನ್ ಒದಗಿಸಿದ ಶಕ್ತಿಯ ಒಂದು ಭಾಗ ಅಲಗಿನ ಬಳಿಯಲ್ಲೇ ವ್ಯರ್ಥವಾಗುತ್ತದೆ. ಅದರ ಬದಲು ಫ್ಯಾನಿನ ವೇಗವನ್ನೇ ಇಳಿಸಿದರೆ, ನಾಳದ ಅಡೆತಡೆ ಬದಲಾಗದಿದ್ದಾಗ, ಹರಿವು ವೇಗದ ಅನುಪಾತದಲ್ಲಿಯೂ ಶಕ್ತಿಯ ಬೇಡಿಕೆ ವೇಗದ ಘನದ ಅನುಪಾತದಲ್ಲಿಯೂ ಇಳಿಯುತ್ತದೆ. ವೇಗವನ್ನು ಶೇ. 80ಕ್ಕೆ ತಂದಾಗ ಬೇಕಾಗುವ ಶಕ್ತಿ ಸುಮಾರು ಶೇ. 51 ಮಾತ್ರ. ಈ ಕಾರಣದಿಂದ ಅನೇಕ ಸ್ಥಾವರಗಳಲ್ಲಿ ಹರಿವಿನ ನಿಯಂತ್ರಣವನ್ನು ವೇಗ ಬದಲಿಸುವ ಮೋಟಾರುಗಳಿಗೆ ವಹಿಸಲಾಗಿದೆ. ಆದರೆ ನಿಂತ ಫ್ಯಾನ್ ನಾಳವನ್ನು ಮುಚ್ಚಲಾರದು. ಪ್ರತ್ಯೇಕಿಸಲು ಡ್ಯಾಂಪರ್ ಬೇಕೇ ಬೇಕು.

ಸೋರಿಕೆ

ಅಲಗು ಮತ್ತು ಚೌಕಟ್ಟಿನ ನಡುವಿನ ಸಂದಿಯೇ ಸೋರಿಕೆಯ ಮೂಲ. 5 ಮೀಟರ್ ಉದ್ದ, 4 ಮೀಟರ್ ಅಗಲದ ಗಿಲೋಟಿನ್ ತಗಡಿನ ಸುತ್ತಳತೆ 18 ಮೀಟರ್. ಸುತ್ತಲೂ 2 ಮಿ.ಮೀ. ಸಂದಿ ಉಳಿದರೆ ಅದರ ಒಟ್ಟು ವಿಸ್ತೀರ್ಣ 360 ಚದರ ಸೆಂಟಿಮೀಟರ್, ಅಂದರೆ ಬದಿಯೊಂದಕ್ಕೆ 19 ಸೆಂಟಿಮೀಟರ್ ಇರುವ ಚೌಕ ರಂಧ್ರದಷ್ಟು. ಎರಡೂ ಬದಿಗಳ ಒತ್ತಡದ ಅಂತರ 1 ಕಿಲೋಪ್ಯಾಸ್ಕಲ್ ಇದ್ದರೆ ಬಿಸಿ ಅನಿಲವು ಈ ಸಂದಿಯ ಮೂಲಕ ಸೆಕೆಂಡಿಗೆ ಸುಮಾರು 1 ಘನ ಮೀಟರ್ ಪ್ರಮಾಣದಲ್ಲಿ ನುಗ್ಗುತ್ತದೆ.

ಸೋರಿಕೆಯ ಪರಿಣಾಮ ಪರಿಸರದ ಮೇಲೂ ಆಗುತ್ತದೆ. ಗಂಧಕದ ಡೈಆಕ್ಸೈಡನ್ನು ಶೇ. 95ರಷ್ಟು ತೆಗೆಯುವ ಶುದ್ಧೀಕರಣ ಘಟಕವೊಂದರ ಬೈಪಾಸ್ ಡ್ಯಾಂಪರಿನ ಮೂಲಕ ಶೇ. 2ರಷ್ಟು ಅನಿಲ ಸೋರಿದರೆ, ಚಿಮಣಿಯನ್ನು ತಲುಪುವ ಮಾಲಿನ್ಯ ಮೂಲ ಪ್ರಮಾಣದ ಶೇ. 5ರ ಬದಲು ಶೇ. 6.9 ಆಗುತ್ತದೆ. ಇದು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನ ಏರಿಕೆ.

ಸೋರಿಕೆಯನ್ನು ತಗ್ಗಿಸಲು ಅಲಗಿನ ಅಂಚಿಗೆ ಬಾಗುವ ಲೋಹಪಟ್ಟಿಗಳನ್ನು ಜೋಡಿಸುತ್ತಾರೆ. ಹೆಚ್ಚಿನ ಭದ್ರತೆ ಬೇಕಾದಲ್ಲಿ ಎರಡು ಸಾಲು ಸೀಲುಗಳ ನಡುವಿನ ಜಾಗಕ್ಕೆ, ನಾಳದ ಒತ್ತಡಕ್ಕಿಂತ ಹೆಚ್ಚಿನ ಒತ್ತಡದಲ್ಲಿ ಗಾಳಿಯನ್ನು ತುಂಬಲಾಗುತ್ತದೆ. ಆಗ ಸಂದಿಯ ಮೂಲಕ ಅನಿಲ ಹೊರಬರುವ ಬದಲು ಶುದ್ಧ ಗಾಳಿಯೇ ಎರಡೂ ಕಡೆಗೆ ಸೋರುತ್ತದೆ. ಈ ಗಾಳಿಯನ್ನು ಒದಗಿಸುವ ಫ್ಯಾನ್ ನಿಂತರೆ ರಕ್ಷಣೆಯೂ ನಿಲ್ಲುತ್ತದೆ.

ಉಷ್ಣತೆ ಮತ್ತು ವಸ್ತುಗಳು

ಸಾಮಾನ್ಯ ಉಕ್ಕಿನ 5 ಮೀಟರ್ ಉದ್ದದ ಅಲಗು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದಾಗ ಸುಮಾರು 18 ಮಿ.ಮೀ. ಹಿಗ್ಗುತ್ತದೆ. ಹಿಗ್ಗಲು ಎಡೆ ಇಲ್ಲದಿದ್ದರೆ ಅಲಗು ಸಿಕ್ಕಿಹಾಕಿಕೊಳ್ಳುತ್ತದೆ. ಎಡೆ ಹೆಚ್ಚಾದರೆ ತಣ್ಣಗಿರುವಾಗ ಸೋರುತ್ತದೆ. ಆದ್ದರಿಂದ ಶಾಫ್ಟಿನ ಒಂದು ತುದಿಯನ್ನು ಸ್ಥಿರವಾಗಿಟ್ಟು ಇನ್ನೊಂದು ತುದಿ ಚಲಿಸಲು ಅವಕಾಶ ಕೊಡುತ್ತಾರೆ. ಬೇರಿಂಗ್‌ಗಳನ್ನು ಶಾಖ ಮತ್ತು ಧೂಳಿನಿಂದ ದೂರವಿರಿಸಲು ನಾಳದ ಹೊರಗೆ ಕೂಡಿಸುತ್ತಾರೆ.

ಅತಿ ತಂಪೂ ಹಾನಿಕರವೇ. ಗಂಧಕವಿರುವ ಇಂಧನದ ಹೊಗೆಯು ಸುಮಾರು 120ರಿಂದ 150 ಡಿಗ್ರಿಗಿಂತ ಕೆಳಗಿಳಿದಾಗ ಸಲ್ಫ್ಯೂರಿಕ್ ಆಮ್ಲವು ಲೋಹದ ಮೇಲೆ ಹನಿಗಟ್ಟಿ ಅದನ್ನು ಕೊರೆಯುತ್ತದೆ. ಅಂತಹ ಸ್ಥಳಗಳಲ್ಲಿ ತುಕ್ಕು ತಡೆಯುವ ಮಿಶ್ರಲೋಹಗಳನ್ನು ಬಳಸಲಾಗುತ್ತದೆ.

ಚಾಲನೆ ಮತ್ತು ವೈಫಲ್ಯ

ಡ್ಯಾಂಪರ್‌ಗಳನ್ನು ಕೈಚಕ್ರ, ವಿದ್ಯುತ್ ಮೋಟಾರು, ಸಂಕುಚಿತ ಗಾಳಿ ಅಥವಾ ಹೈಡ್ರಾಲಿಕ್ ಒತ್ತಡದಿಂದ ಚಲಾಯಿಸಲಾಗುತ್ತದೆ. ವಿದ್ಯುತ್ ಅಥವಾ ಗಾಳಿಯ ಪೂರೈಕೆ ನಿಂತಾಗ ಅಲಗು ತೆರೆದುಕೊಳ್ಳಬೇಕೇ, ಮುಚ್ಚಬೇಕೇ, ಇದ್ದಲ್ಲೇ ಉಳಿಯಬೇಕೇ ಎಂಬುದನ್ನು ವಿನ್ಯಾಸದ ಹಂತದಲ್ಲಿಯೇ ನಿರ್ಧರಿಸಬೇಕು. ಬಾಯ್ಲರಿನ ಹೊಗೆಯ ದಾರಿ ಮುಚ್ಚಿಕೊಂಡು ಗಾಳಿ ಊದುವ ಫ್ಯಾನ್ ಓಡುತ್ತಲೇ ಇದ್ದರೆ ಕುಲುಮೆಯೊಳಗಿನ ಒತ್ತಡ ಏರಿ ಬೆಂಕಿ ಹೊರಚಾಚಬಹುದು. ಇದಕ್ಕೆ ವಿರುದ್ಧವಾಗಿ, ಜ್ವಾಲೆ ಹಠಾತ್ತನೆ ಆರಿದಾಗ ಹೊಗೆ ಸೆಳೆಯುವ ಫ್ಯಾನಿನ ಸೆಳೆತವನ್ನು ತಕ್ಷಣ ತಗ್ಗಿಸದಿದ್ದರೆ ಕುಲುಮೆಯ ಗೋಡೆಗಳು ಒಳಕ್ಕೆ ಕುಸಿಯಬಹುದು.

ಅಲಗಿನ ಸ್ಥಿತಿಯನ್ನು ತಿಳಿಸುವ ಸ್ವಿಚ್ಚುಗಳು ಮೋಟಾರಿನಲ್ಲಿ ಮಾತ್ರ ಇದ್ದರೆ ಸಾಲದು. ಅಲಗಿಗೂ ಮೋಟಾರಿಗೂ ನಡುವಿನ ಕೊಂಡಿ ಮುರಿದಿದ್ದರೂ ನಿಯಂತ್ರಣ ಕೊಠಡಿಯಲ್ಲಿ ‘ಮುಚ್ಚಿದೆ’ ಎಂಬ ಸೂಚನೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸೂಚಕವನ್ನು ಅಲಗಿನ ಶಾಫ್ಟಿಗೇ ಜೋಡಿಸುವುದು ಉತ್ತಮ.

ಕಾರ್ಮಿಕರ ಸುರಕ್ಷತೆ

ಒಂದು ಘಟಕ ದುರಸ್ತಿಗಾಗಿ ನಿಂತಿದ್ದು, ಅದೇ ಚಿಮಣಿಗೆ ಜೋಡಿಸಿದ ಇನ್ನೊಂದು ಘಟಕ ಕೆಲಸ ಮಾಡುತ್ತಿರುವಾಗ ಅಪಾಯ ಹೆಚ್ಚು. ನಿಂತ ನಾಳದೊಳಗಿರುವ ಕಾರ್ಮಿಕರಿಗೂ ಹರಿಯುವ ಅನಿಲಕ್ಕೂ ನಡುವೆ ಇರುವುದು ಡ್ಯಾಂಪರ್ ಮಾತ್ರ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದಿರುವುದರಿಂದ ಸೋರಿಕೆ ಅವರ ಗಮನಕ್ಕೆ ಬರುವುದಿಲ್ಲ. ಹೀಗಾಗಿ ನಿಯಂತ್ರಣದ ಲೂವರನ್ನು ಮುಚ್ಚಿದ ಮಾತ್ರಕ್ಕೆ ಒಳಪ್ರವೇಶಕ್ಕೆ ಅನುಮತಿ ಕೊಡಲಾಗದು. ಗಾಳಿ ತುಂಬಿದ ಗಿಲೋಟಿನ್, ಗಾಗಲ್ ಕವಾಟ ಅಥವಾ ಬೋಲ್ಟ್ ಹಾಕಿ ಬಿಗಿದ ಕುರುಡು ತಗಡು ಬೇಕಾಗುತ್ತದೆ. ಜೊತೆಗೆ ಚಾಲನಾ ಶಕ್ತಿಯನ್ನು ಕಡಿದು ಬೀಗ ಹಾಕುವುದು, ಒಳಗಿನ ಗಾಳಿಯನ್ನು ಪರೀಕ್ಷಿಸುವುದು ಮತ್ತು ಹೊರಗೆ ಕಾವಲಿರುವುದು ಅವಶ್ಯಕ.

ಭಾರತದ 1948ರ ಕಾರ್ಖಾನೆಗಳ ಅಧಿನಿಯಮದ 36ನೆಯ ಪ್ರಕರಣವು ಅಪಾಯಕಾರಿ ಅನಿಲವಿರಬಹುದಾದ ಕೋಣೆ, ತೊಟ್ಟಿ, ಕೊಳವೆ, ಹೊಗೆನಾಳಗಳಿಗೆ ಪ್ರವೇಶಿಸುವ ಬಗ್ಗೆ ನಿಯಮಗಳನ್ನು ವಿಧಿಸಿತು. ಹೊರಬರಲು ಸಾಕಷ್ಟು ದೊಡ್ಡ ದ್ವಾರ, ಅನಿಲವನ್ನು ತೆಗೆದುಹಾಕುವ ಕ್ರಮಗಳು, ಸಮರ್ಥ ವ್ಯಕ್ತಿಯ ಲಿಖಿತ ಪ್ರಮಾಣಪತ್ರ ಅಥವಾ ಉಸಿರಾಟದ ಉಪಕರಣ ಹಾಗೂ ಹಗ್ಗ ಕಟ್ಟಿದ ಬೆಲ್ಟ್ ಅದರಲ್ಲಿ ಸೇರಿವೆ.

ನಿರ್ವಹಣೆ

ಬಹುಕಾಲ ಒಂದೇ ಸ್ಥಿತಿಯಲ್ಲಿರುವ ಡ್ಯಾಂಪರ್ ಬೂದಿ ಮತ್ತು ತುಕ್ಕಿನಿಂದ ಬಿಗಿದುಕೊಂಡು, ಬೇಕಾದಾಗ ಚಲಿಸದೆ ಹೋಗಬಹುದು. ಆದ್ದರಿಂದ ಅದನ್ನು ನಿಯತಕಾಲಕ್ಕೆ ಚಲಾಯಿಸಿ ನೋಡಲಾಗುತ್ತದೆ. ಗಿಲೋಟಿನ್ ಡ್ಯಾಂಪರಿನ ಕೆಳಗಾಡಿಯಲ್ಲಿ ಧೂಳು ತುಂಬಿದರೆ ತಗಡು ಕೊನೆಯವರೆಗೆ ಇಳಿಯುವುದಿಲ್ಲ. ಸ್ಥಾವರವನ್ನು ನಿಲ್ಲಿಸಿದಾಗಲೆಲ್ಲ ಈ ಗಾಡಿಯನ್ನು ಶುಚಿಗೊಳಿಸಿ, ಸೀಲ್ ಪಟ್ಟಿಗಳನ್ನು ಪರಿಶೀಲಿಸಿ, ಸವೆದವನ್ನು ಬದಲಿಸುವುದು ರೂಢಿಯಲ್ಲಿದೆ.