ಪಾಪರ್ ಚೀಟಿ: ವಿಚ್ಛೇದನ ಮತ್ತು ಕೋರ್ಟ್ ಫೀಸಿನ ಕತೆ

1/5
"ಅವ್ನು ಪಾಪರ್ ಆಗ್ಬಿಟ್ಟ ಕಣೋ", "ಪಾಪರ್ ಚೀಟಿ ತಗೊಂಡ". ನಮ್ಮ ಮೈಸೂರು ಕಡೆ ಈ ಮಾತು ಕೇಳೇ ಇರ್ತೀರಿ. ಪಾಪರ್ ಅಂದ್ರೆ ದಿವಾಳಿ ಅಂತ ಎಲ್ಲರೂ ಅಂದ್ಕೋತೀವಿ. ಆದ್ರೆ ಕಾನೂನಲ್ಲಿ ಎರಡೂ ಬೇರೆ. ದಿವಾಳಿ ಅಂದ್ರೆ ಸಾಲ ತೀರಿಸೋಕೆ ಆಗದವರು, ಅದು ನಮ್ಮ ಬಿಕಾಂ ಪಾಠ. ಪಾಪರ್ ಅಂದ್ರೆ ಕೇಸ್ ಹಾಕೋಕೆ ಕೋರ್ಟ್ ಫೀಸು ಕಟ್ಟೋಕೂ ಗತಿ ಇಲ್ಲದವರು. ಕೋರ್ಟಿನ ಇಂಗ್ಲಿಷ್ ಪದ ನಮ್ಮ ಬಾಯಿಗೆ ಬಂದು ಬೈಗುಳ ಆಯ್ತು.

ಈ ಪದದ ಇತಿಹಾಸ ಯಾಕೆ ಬೇಕು ಅಂದ್ರೆ, "ದುಡ್ಡಿಲ್ಲ, ಡೈವೋರ್ಸ್ ಹೇಗೆ ಹಾಕ್ಲಿ" ಅಂತ ಸುಮ್ಮನೆ ಸಹಿಸ್ಕೊಂಡು ಇರೋರು ನಿಮ್ಮ ಬೀದೀಲೂ ಇರಬಹುದು.

2/5
ಮೊದಲು, ನ್ಯಾಯ ಕೇಳೋಕೆ ಫೀಸು ಯಾಕೆ? 1795ರಲ್ಲಿ ಬಂಗಾಳದಲ್ಲಿ ಕಂಪನಿ ಸರ್ಕಾರ ಕೊಟ್ಟ ಕಾರಣ, ಸುಳ್ಳು ಕೇಸು ಕಡಿಮೆ ಮಾಡೋದು. 1835ರಲ್ಲಿ ಮೆಕಾಲೆಯೇ ಈ ವಾದವನ್ನ ಗೇಲಿ ಮಾಡಿದ. ಫೀಸು ಸುಳ್ಳುಗಾರನನ್ನ ಮಾತ್ರ ಹುಡುಕಿ ತಡೆಯುತ್ತಾ? ನಿಜ ಹೇಳೋ ಬಡವರನ್ನೂ ತಡೆಯುತ್ತೆ.

ಆದ್ರೂ ಫೀಸು ಹೋಗ್ಲಿಲ್ಲ. ನಮ್ಮ ಮೈಸೂರು ಸಂಸ್ಥಾನಕ್ಕೆ 1900ರಲ್ಲಿ ತನ್ನದೇ ಕೋರ್ಟ್ ಫೀಸ್ ಕಾಯ್ದೆ ಬಂತು. ಆಗ ನಾಲ್ವಡಿಯವರು ಇನ್ನೂ ಚಿಕ್ಕವರು, ರೀಜೆಂಟ್ ಆಗಿದ್ದವರು ವಾಣಿವಿಲಾಸ ಸನ್ನಿಧಾನ. ಏಕೀಕರಣ ಆದ್ಮೇಲೆ ಬೇರೆ ಬೇರೆ ಪ್ರಾಂತ್ಯಗಳ ಕಾಯ್ದೆಗಳನ್ನೆಲ್ಲ ಸೇರಿಸಿ 1958ರಲ್ಲಿ ಒಂದೇ ಕಾಯ್ದೆ ಮಾಡಿದ್ರು. ಇವತ್ತಿಗೂ ಕರ್ನಾಟಕದಲ್ಲಿ ನಡೀತಿರೋದು ಅದೇ, ತಿದ್ದುಪಡಿಗಳ ಜೊತೆ.

3/5
ಈಗ ವಿಚ್ಛೇದನಕ್ಕೆ ಬನ್ನಿ. ಹಿಂದೂ ವಿಚ್ಛೇದನದ ಕಾನೂನು ಕನ್ನಡ ನಾಡಿಗೆಲ್ಲ ಒಟ್ಟಿಗೆ ಬರಲಿಲ್ಲ. ಮುಂಬೈ ಪ್ರಾಂತ್ಯದ 1947ರ ಕಾಯ್ದೆಯಿಂದ ಧಾರವಾಡ, ಬೆಳಗಾವಿಗೆ ಬಂತು. ಮದ್ರಾಸಿನ 1949ರ ಕಾಯ್ದೆಯಿಂದ ಮಂಗಳೂರಿಗೆ ಬಂತು. ಇಡೀ ದೇಶಕ್ಕೆ ಒಂದು ಅಂತ ಬಂದಿದ್ದು 1955ರ ಹಿಂದೂ ವಿವಾಹ ಕಾಯ್ದೆ.

ಅದಕ್ಕೂ ಮುಂಚೆ ಬಿಡುಗಡೆ ಇರ್ಲೇ ಇಲ್ಲ ಅಂತಲ್ಲ. ಎಷ್ಟೋ ಸಮುದಾಯಗಳಲ್ಲಿ ಕುಲದ ಪಂಚಾಯ್ತಿ ಮುಂದೆ ಬಿಡುಗಡೆ ಆಗ್ತಿತ್ತು, ಆಮೇಲೆ ಕೂಡಿಕೆ ಮದುವೆನೂ ನಡೀತಿತ್ತು. ಅಂಥ ರೂಢಿಯನ್ನ 1955ರ ಕಾಯ್ದೆ ಅಳಿಸಲಿಲ್ಲ. ಆದ್ರೆ ಬಿಡುಗಡೆ ಪಂಚಾಯ್ತಿ ಕಟ್ಟೆಯಿಂದ ಕೋರ್ಟಿಗೆ ಬಂದಾಗ ಸ್ಟಾಂಪು, ನೋಟಿಸ್ ಖರ್ಚು, ವಕೀಲರ ಫೀಸು ಎಲ್ಲ ಹಿಂದೇನೇ ಬಂತು.

4/5
ದುಡ್ಡಿಲ್ಲದವರಿಗೆ ಇದ್ದ ದಾರಿ "ಪಾಪರ್ ದಾವೆ". 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶ. ಇರೋ ಬರೋ ಆಸ್ತೀನೆಲ್ಲ ಪಟ್ಟಿ ಮಾಡಿ ಕೊಡಬೇಕು. ಎದುರು ಕಡೆಯವರಿಗೂ ನೋಟಿಸ್ ಹೋಗುತ್ತೆ, ಅವರು ಬಂದು "ಇಲ್ಲ, ಇವರ ಹತ್ರ ದುಡ್ಡಿದೆ" ಅಂತ ವಾದಿಸಬಹುದು. ಅಂದ್ರೆ ಯಾರ ಜೊತೆ ಬದುಕೋಕೆ ಆಗಲ್ಲ ಅಂತ ಬಂದಿದ್ದೀರೋ, ಅವರ ಎದುರಿಗೇ ನಿಮ್ಮ ಬಡತನ ಸಾಬೀತು ಮಾಡಬೇಕು.

1976ರಲ್ಲಿ ಪಾರ್ಲಿಮೆಂಟು ಇದನ್ನ ತಿದ್ದಿತು. "ಪಾಪರ್" ತೆಗೆದು "ನಿರ್ಗತಿಕ ವ್ಯಕ್ತಿ" ಅನ್ನೋ ಅರ್ಥದ ಪದ ಹಾಕಿದ್ರು. ಇನ್ನೊಂದು ಬದಲಾವಣೆ ಮಾಡಿದ್ರು, ಅದನ್ನ ಹೆಚ್ಚು ಜನ ಗಮನಿಸಲ್ಲ. ಜಪ್ತಿ ಮಾಡೋಕೆ ಬಾರದ ವಸ್ತುಗಳನ್ನ ಆಸ್ತಿ ಲೆಕ್ಕಕ್ಕೆ ಸೇರಿಸಬಾರದು ಅಂದ್ರು. ಆ ವಸ್ತುಗಳು ಯಾವುವು? ಅಡುಗೆ ಪಾತ್ರೆ, ಹಾಸಿಗೆ, ಉಡೋ ಬಟ್ಟೆ, ಧರ್ಮದ ರೂಢಿ ಪ್ರಕಾರ ಹೆಂಗಸು ಮೈಮೇಲಿಂದ ತೆಗೆಯಬಾರದ ಒಡವೆ. ಹಳೇ ನಿಯಮ ಬಿಟ್ಟುಕೊಟ್ಟಿದ್ದು ಉಡೋ ಬಟ್ಟೆ ಮತ್ತು ಕೇಸಿನಲ್ಲೇ ಇರೋ ಆಸ್ತಿ ಎರಡನ್ನೇ. ತಿದ್ದುಪಡಿ ಆದ್ಮೇಲೆ, ಕತ್ತಲ್ಲಿರೋ ತಾಳಿ ತೋರಿಸಿ "ಇದನ್ನ ಮಾರಿ ಫೀಸು ಕಟ್ಟು" ಅಂತ ಹೇಳೋ ಹಾಗಿಲ್ಲ.

ಒಂದು ವಿಷಯ ನೆನಪಿರಲಿ. ಇದು ಮನ್ನಾ ಅಲ್ಲ, ಬಾಕಿ. ಕೇಸು ಗೆದ್ರೆ, ಯಾರು ಕಟ್ಟಬೇಕು ಅಂತ ಕೋರ್ಟ್ ಹೇಳುತ್ತೋ ಅವರಿಂದ ಸರ್ಕಾರ ಫೀಸು ವಸೂಲಿ ಮಾಡುತ್ತೆ. ಸೋತ್ರೆ ಕೇಸು ಹಾಕಿದವರೇ ಕಟ್ಟಬೇಕು.

5/5
ನಿಜವಾದ ಬದಲಾವಣೆ 1995ರ ನವೆಂಬರ್ 9ರಂದು ಜಾರಿಗೆ ಬಂತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 12ನೇ ಸೆಕ್ಷನ್. ಉಚಿತ ಕಾನೂನು ನೆರವು ಯಾರಿಗೆ ಅನ್ನೋ ಪಟ್ಟಿಯಲ್ಲಿ "ಮಹಿಳೆ" ಅಂತ ಬರೆದಿದ್ದಾರೆ. ಬಡ ಮಹಿಳೆ ಅಂತಲ್ಲ, ಬರೀ ಮಹಿಳೆ. ಆದಾಯದ ಮಿತಿ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರು, ಅಂಗವಿಕಲರು ಗಂಡಸರಾದ್ರೂ ಅದೇ ಪಟ್ಟಿಯಲ್ಲಿದ್ದಾರೆ. ಮಿಕ್ಕ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿ ಇದೆ. ಈ ನೆರವಲ್ಲಿ ವಕೀಲರ ಜೊತೆಗೆ ಕೋರ್ಟ್ ಫೀಸು, ನೋಟಿಸ್ ಖರ್ಚೂ ಸೇರುತ್ತೆ.

ಇನ್ನೊಂದು ದಾರಿ, ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್. ಸ್ವಂತ ಆದಾಯ ಸಾಲದಿದ್ರೆ, ಕೇಸಿನ ಖರ್ಚನ್ನ ಎದುರು ಕಡೆಯಿಂದ ಕೊಡಿಸಿ ಅಂತ ಕೇಸು ನಡೀತಿರುವಾಗ್ಲೇ ಕೇಳಬಹುದು. ಹೆಂಡತಿನೂ ಕೇಳಬಹುದು, ಗಂಡನೂ ಕೇಳಬಹುದು.

ಮೈಸೂರಿನವರಾದ್ರೆ ಹೋಗಬೇಕಾದ್ದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಹುಣಸೂರು, ನಂಜನಗೂಡಿನವರಿಗೆ ಅಲ್ಲಿನ ಕೋರ್ಟಲ್ಲೇ ತಾಲ್ಲೂಕು ಸಮಿತಿ ಇದೆ. ಫೋನ್ ಮಾಡೋದಾದ್ರೆ 15100.

ಕಾನೂನಿನ ಪುಸ್ತಕದಿಂದ "ಪಾಪರ್" ಹೋಗಿ ಹತ್ತಿರ ಹತ್ತಿರ 50 ವರ್ಷ ಆಯ್ತು. ನಮ್ಮ ಬಾಯಿಂದ ಹೋಗಿಲ್ಲ. ಆ ಬೈಗುಳಕ್ಕೆ ಹೆದರಿ ಕೋರ್ಟ್ ಮೆಟ್ಟಿಲು ಹತ್ತದೆ ಇರೋರಿಗೆ ಈ ಐದನೇ ಭಾಗನಾದ್ರೂ ಕಳಿಸಿ. ಎಲ್ಲರಿಗೂ ಕಾಣೋ ಹಾಗೆ ಟ್ಯಾಗ್ ಮಾಡಬೇಡಿ, ಮೆಸೇಜಲ್ಲಿ ಕಳಿಸಿ.

#ಮೈಸೂರು #ಪದದಕತೆ #ಕಾನೂನುನೆರವು #ಕನ್ನಡ