ಮರಕ್ಕೆ ವಂಶಾವಳಿ ಬರೆದವರು

ಅಮೆರಿಕದ ದಕ್ಷಿಣ ಸೀಮೆಯಲ್ಲಿ ಒಂದು ಕಾಲಕ್ಕೆ ಸುಮಾರು 9 ಕೋಟಿ ಎಕರೆ ಲಾಂಗ್‌ಲೀಫ್ ಪೈನ್ ಕಾಡಿತ್ತು. ವರ್ಜೀನಿಯಾದಿಂದ ಟೆಕ್ಸಾಸಿನವರೆಗೆ ಹಬ್ಬಿದ ಆ ವನಸಂಪತ್ತು ಹಡಗುಗಳಿಗೆ ಟಾರು, ರೈಲು ಹಳಿಗಳಿಗೆ ದಿಮ್ಮಿ, ನಗರಗಳಿಗೆ ಹಲಗೆಯಾಗಿ ಕರಗುತ್ತ ಹೋಯಿತು. 1920ರ ದಶಕ ಮುಗಿಯುವ ಹೊತ್ತಿಗೆ ಹಳೆಯ ಕಾಡಿನ ಬಹುಪಾಲು ಕೊಡಲಿಯ ಪಾಲಾಗಿತ್ತು. ಹತ್ತಿ ಬೆಳೆದು ಸಾರಗೆಟ್ಟ ಹೊಲಗಳು ಪಾಳುಬಿದ್ದವು. ಆ ಪಾಳಿನಲ್ಲಿ ಯಾರೂ ಬಿತ್ತದೆ ಎದ್ದು ನಿಂತದ್ದು ಲಾಬ್ಲಾಲಿ ಪೈನ್. ಅಂಟು ತುಂಬಿದ ದಕ್ಷಿಣದ ಪೈನ್‌ನಿಂದಲೂ ಸುದ್ದಿಪತ್ರಿಕೆಯ ಕಾಗದ ಮಾಡಬಹುದೆಂದು 1930ರ ದಶಕದಲ್ಲಿ ಚಾರ್ಲ್ಸ್ ಹರ್ಟಿ ಸವಾನಾ ನಗರದಲ್ಲಿ ತೋರಿಸಿಕೊಟ್ಟರು. ಕಾಗದದ ಕಂಪನಿಗಳು ದಕ್ಷಿಣಕ್ಕೆ ಬಂದು ಬೀಡುಬಿಟ್ಟವು.

ಮರ ಬೇಕು, ಸರಿ. ಆದರೆ ಎಲ್ಲಿಯ ಬೀಜ? ಈ ಪ್ರಶ್ನೆಗೆ ಫಿಲಿಪ್ ವೇಕ್ಲಿ ಎಂಬ ಅರಣ್ಯ ವಿಜ್ಞಾನಿ ಆಗಲೇ ಉತ್ತರ ನೆಟ್ಟಿದ್ದರು. ಲೂಸಿಯಾನದ ಬೊಗಲೂಸಾದಲ್ಲಿ 1926-27ರ ಚಳಿಗಾಲದಲ್ಲಿ ಲೂಸಿಯಾನ, ಟೆಕ್ಸಾಸ್, ಜಾರ್ಜಿಯಾ, ಆರ್ಕನ್ಸಾಸ್ ಮೂಲದ ಲಾಬ್ಲಾಲಿ ಸಸಿಗಳನ್ನು ಅವರು ಒಂದೇ ನೆಲದಲ್ಲಿ ಬೆಳೆಸಿದರು. 22 ವರ್ಷಗಳ ಬಳಿಕ ಅಳೆದಾಗ ಸ್ಥಳೀಯ ಬೀಜದ ಮರಗಳು ಉಳಿದವನ್ನು ಬಹಳ ಹಿಂದೆ ಹಾಕಿದ್ದವು. ಜಾರ್ಜಿಯಾದ ಬೀಜದಿಂದ ಬಂದ ಮರಗಳ ಕಾಂಡಗಳಲ್ಲಿ ಮಾತ್ರ ತುಕ್ಕುರೋಗದ ಗಂಟುಗಳು ವಿಪರೀತ. ಮಣ್ಣು ಒಂದೇ, ಮಳೆ ಒಂದೇ, ಬೇರೆಯಾದದ್ದು ಹುಟ್ಟು.

ಈ ಹಾದಿಗೆ ಬಂದವರು ಬ್ರೂಸ್ ಜೋಬೆಲ್. 1920ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಕೌಲ್ಟರ್ ಮತ್ತು ಜೆಫ್ರಿ ಎಂಬ ಎರಡು ಪೈನ್‌ಗಳ ನಡುವೆ ಕಾಡಿನಲ್ಲೇ ಹುಟ್ಟುವ ಮಿಶ್ರತಳಿಯನ್ನು ಅಧ್ಯಯನ ಮಾಡಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದರು. 1951ರಲ್ಲಿ ಟೆಕ್ಸಾಸ್ ಅರಣ್ಯ ಸೇವೆಗೆ ಸೇರಿದಾಗ ಅಲ್ಲಿ ಭೀಕರ ಬರ. ಬರಕ್ಕೆ ಬಗ್ಗದ ಪೈನ್ ಹುಡುಕುವುದು ಅವರ ಪಾಲಿಗೆ ಬಂದ ಕೆಲಸಗಳಲ್ಲೊಂದು. 1956ರಲ್ಲಿ ರಾಲಿ ನಗರದ ನಾರ್ತ್ ಕೆರೊಲಿನಾ ಸ್ಟೇಟ್ ವಿದ್ಯಾಲಯಕ್ಕೆ ಹೋದರು. ಮಾರುಕಟ್ಟೆಯಲ್ಲಿ ಪರಸ್ಪರ ಹಲ್ಲುಮಸೆಯುತ್ತಿದ್ದ ಕಾಗದದ ಕಂಪನಿಗಳನ್ನು ಒಂದೇ ಮೇಜಿಗೆ ಕೂರಿಸಿ, ತಳಿಯ ವಿಷಯದಲ್ಲಿ ಮಾತ್ರ ಮುಚ್ಚುಮರೆಯಿಲ್ಲದ ಸಹಕಾರ ಸಂಘವನ್ನು ಕಟ್ಟಿದರು. ಅವರ ಸಂಶೋಧನೆಗಳಿಗಿಂತ ಈ ಒಪ್ಪಂದವೇ ದೊಡ್ಡದೆಂದು ನನ್ನ ಎಣಿಕೆ. ಪೈನ್‌ನ ಒಂದು ತಲೆಮಾರು ಮುಗಿಯುವುದರೊಳಗೆ ವಿಜ್ಞಾನಿಯ ತಲೆ ನರೆಯುತ್ತದೆ. ಒಬ್ಬರ ಆಯುಸ್ಸನ್ನು ನಂಬಿ ಮಾಡುವ ಕೆಲಸ ಅದಲ್ಲ.

ಕೆಲಸದ ರೀತಿ ಹೀಗಿತ್ತು. ಕಾಡು ಅಲೆದು ಎತ್ತರ, ನೇರ ಕಾಂಡ, ಸಣ್ಣ ಕೊಂಬೆ, ರೋಗವಿಲ್ಲದ ಮೈ ಇರುವ ಮರವನ್ನು ಗುರುತಿಸಬೇಕು. ಸುತ್ತಲಿನ ಐದು ಒಳ್ಳೆಯ ಮರಗಳಿಗೆ ಹೋಲಿಸಿ ಅಂಕ ಕೊಡಬೇಕು. ಕೈಬೈರಿಗೆಯಿಂದ ಪೆನ್ಸಿಲಿನಷ್ಟು ದಪ್ಪದ ತಿರುಳನ್ನು ಕೊರೆದು ತೆಗೆದು ಅದರ ಸಾಂದ್ರತೆ ನೋಡಬೇಕು. ಮರದ ಗಟ್ಟಿತನವೂ ತಾಯಿತಂದೆಯಿಂದ ಬರುತ್ತದೆಂದು ಜೋಬೆಲ್ ಪಟ್ಟುಹಿಡಿದು ಸಾರಿದರು. ಗೆದ್ದದ್ದು ‘ಪ್ಲಸ್ ಮರ’. ಅದರ ನೆತ್ತಿಯ ಕುಡಿ ಬೇಕಾದಾಗ ಬಂದೂಕಿನಿಂದ ಕೊಂಬೆಗೆ ಗುಂಡು ಹೊಡೆದು ಕೆಡವುತ್ತಿದ್ದುದೂ ಉಂಟು. ಆ ಕುಡಿಗಳನ್ನು ಕಸಿಕಟ್ಟಿದರೆ ಬೀಜೋದ್ಯಾನ. ಹೆಣ್ಣುಹೂವಿಗೆ ಚೀಲ ತೊಡಿಸಿ ಬೇಕಾದ ಮರದ ಪರಾಗವನ್ನೇ ಉಣಿಸಿದ ಮೇಲೂ ಕಾಯಿ ಬಲಿಯಲು ಒಂದೂವರೆ ವರ್ಷ ಬೇಕು. ಆಮೇಲೆ ಮಕ್ಕಳನ್ನು ನೆಟ್ಟು ನೋಡುವುದು. ಮಕ್ಕಳು ಸೊರಗಿದರೆ ತಾಯಿ ಎಷ್ಟೇ ಚೆಲುವಾಗಿದ್ದರೂ ಅದರ ಕಸಿಗಳನ್ನು ಉದ್ಯಾನದಿಂದ ಕಡಿದುಹಾಕಬೇಕು.

ತಾಯಿಮರಗಳ ಸಂಖ್ಯೆ ಕಿರಿದಾದರೆ ಏನಾದೀತೆಂಬುದಕ್ಕೆ ಸಾಕ್ಷಿ ನಮ್ಮ ನಂದಿಬೆಟ್ಟದಲ್ಲೇ ಇದೆ. ಟಿಪ್ಪುವಿನ ಕಾಲದಲ್ಲಿ ಬಂದವೆನ್ನುವ ಅಲ್ಲಿನ ಕೆಲವೇ ನೀಲಗಿರಿ ಮರಗಳ ಬೀಜದಿಂದ ‘ಮೈಸೂರು ಗಮ್’ ದೇಶವೆಲ್ಲ ಹರಡಿತು. ಒಂದೇ ನೆಡುತೋಪಿನಲ್ಲಿ ಒಂದು ಮರ ಮುಗಿಲಿಗೆ, ಪಕ್ಕದ್ದು ಸೊಂಟದೆತ್ತರಕ್ಕೆ ಎಂಬ ಗತಿಯಾಯಿತು.

1979ರಲ್ಲಿ ನಿವೃತ್ತರಾದ ಜೋಬೆಲ್, ಜಾನ್ ಟಾಲ್ಬರ್ಟ್ ಅವರೊಡನೆ ಬರೆದ ಪಠ್ಯ 1984ರಲ್ಲಿ ಹೊರಬಂತು. ಅರಣ್ಯ ತಳಿವಿಜ್ಞಾನ ಕಲಿಯುವವರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. ಅವರು ತೀರಿಕೊಂಡದ್ದು 2011ರಲ್ಲಿ. ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮರೆಮಾಚಬಾರದು. ಸಾಲುಸಾಲಾಗಿ ನಿಂತ ಲಾಬ್ಲಾಲಿ ನೆಡುತೋಪುಗಳು ಹಬ್ಬಿದಂತೆ ಲಾಂಗ್‌ಲೀಫ್ ಕಾಡು ಮತ್ತಷ್ಟು ಕುಗ್ಗಿ, 20ನೆಯ ಶತಮಾನದ ಕೊನೆಗೆ ಮೂಲದ ನೂರರಲ್ಲಿ ಮೂರು ಪಾಲಿನಷ್ಟೇ ಉಳಿಯಿತು. ತಳಿ ಸುಧಾರಿಸಿದವರು ಮರವನ್ನು ಉತ್ತಮಗೊಳಿಸಿದರು. ಕಾಡನ್ನು ಮರಳಿ ತರಲಿಲ್ಲ, ಅದು ಅವರ ಗುರಿಯೂ ಆಗಿರಲಿಲ್ಲ. ರಾಲಿಯ ಆ ಸಹಕಾರ ಸಂಘ ಇಂದಿಗೂ ನಡೆಯುತ್ತಿದೆ, ಲಾಬ್ಲಾಲಿಯ ನಾಲ್ಕನೆಯ ತಳಿಚಕ್ರವನ್ನೂ ಮುಟ್ಟಿದೆ.