ಯಮಳ ನಕ್ಷತ್ರ ವೀಕ್ಷಣೆ (ಹವ್ಯಾಸಿ)

ಬರಿಗಣ್ಣಿಗೆ ಒಂದಾಗಿ ಕಾಣುವ ನಕ್ಷತ್ರವನ್ನು ಚಿಕ್ಕ ದೂರದರ್ಶಕದಲ್ಲಿ ಎರಡಾಗಿ ಬಿಡಿಸಿ ನೋಡುವ, ಅವುಗಳ ಅಂತರವನ್ನೂ ದಿಕ್ಕೋನವನ್ನೂ ಅಳೆಯುವ ಹವ್ಯಾಸ. ಗುರುತ್ವಕ್ಕೆ ಸಿಕ್ಕಿ ಪರಸ್ಪರ ಸುತ್ತುವ ಜೋಡಿಗಳು ನಿಜ ಯಮಳಗಳು. ಒಂದೇ ನೇರದಲ್ಲಿರುವುದರಿಂದ ಹತ್ತಿರವೆಂದು ತೋರುವಂಥವೂ ಉಂಟು.

ಮದುವೆಯಲ್ಲಿ ವಧೂವರರಿಗೆ ತೋರಿಸುವ ಅರುಂಧತಿ–ವಸಿಷ್ಠರಿಂದಲೇ ಆರಂಭಿಸುವುದು ಚೆನ್ನ. ಇವೆರಡರ ಅಂತರ ಸುಮಾರು 12 ಕಲೆ (1 ಡಿಗ್ರಿಗೆ 60 ಕಲೆ, 1 ಕಲೆಗೆ 60 ವಿಕಲೆ). ಒಳ್ಳೆಯ ಕಣ್ಣಿದ್ದರೆ ಸಾಕು. 60 ಮಿ.ಮೀ. ದೂರದರ್ಶಕದಲ್ಲಿ ವಸಿಷ್ಠ ಒಂದೇ 14 ವಿಕಲೆ ಅಂತರದ ಎರಡು ನಕ್ಷತ್ರಗಳಾಗಿ ಒಡೆಯುತ್ತದೆ. ರಾಜಹಂಸ ಪುಂಜದ ಆಲ್ಬಿರಿಯೊ ಜೋಡಿಯ ಹೊನ್ನು–ನೀಲಿ ಬಣ್ಣಗಳಷ್ಟು ಸೊಗಸಾದ ನೋಟ ಈ ಹವ್ಯಾಸದಲ್ಲಿ ವಿರಳ.

116ನ್ನು ಮಸೂರದ ವ್ಯಾಸದಿಂದ (ಮಿ.ಮೀ.) ಭಾಗಿಸಿದರೆ ಬಿಡಿಸಬಹುದಾದ ಕನಿಷ್ಠ ಅಂತರ ವಿಕಲೆಗಳಲ್ಲಿ ಸಿಗುತ್ತದೆ: 100 ಮಿ.ಮೀ.ಗೆ 1.16. ಇದು ಡಾಸ್ ಮಿತಿ. ಗಾಳಿ ಅಲುಗಾಡುವ ರಾತ್ರಿ ಅದು ಕೈಗೂಡದು. ನಗರದ ಬೆಳಕು ಮಾತ್ರ ಹೆಚ್ಚು ಅಡ್ಡಿಯಲ್ಲ. ಬೆಂಗಳೂರಿನ ತಾರಸಿಯಿಂದಲೂ ಪ್ರಕಾಶಮಾನ ಜೋಡಿಗಳನ್ನು ನೋಡಬಹುದು.

1689ರಲ್ಲಿ ಪುದುಚೇರಿಯಲ್ಲಿ ಧೂಮಕೇತು ನೋಡುತ್ತಿದ್ದ ಜೆಸ್ವಿಟ್ ಪಾದ್ರಿ ಜಾನ್ ರಿಶೋ, ಆಲ್ಫಾ ಸೆಂಟಾರಿ ಜೋಡಿಯೆಂದು ಕಂಡುಕೊಂಡರು. ಜೋಡಿಗಳು ನಿಜಕ್ಕೂ ಸುತ್ತುತ್ತವೆಂದು 1803ರಲ್ಲಿ ತೋರಿಸಿದವರು ವಿಲಿಯಂ ಹರ್ಷೆಲ್. ಕನ್ಯಾ ಪುಂಜದ ಪೊರಿಮಾ ಸುಮಾರು 169 ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತದೆ. 2005ರಲ್ಲಿ ಸಣ್ಣ ದೂರದರ್ಶಕಗಳಿಗೆ ಒಂದೇ ಚುಕ್ಕೆಯಾಗಿದ್ದ ಅದನ್ನು ಈಗ ಸುಲಭವಾಗಿ ಬಿಡಿಸಬಹುದು.

ಹವ್ಯಾಸಿಗಳ ಎಚ್ಚರದ ಅಳತೆಗಳು ಅಮೆರಿಕದ ನೌಕಾ ವೀಕ್ಷಣಾಲಯದ ವಾಷಿಂಗ್ಟನ್ ಯಮಳ ನಕ್ಷತ್ರ ಪಟ್ಟಿಯಲ್ಲೂ ಸೇರಿವೆ.